ಬಿಳಿ ಹೊಗೆ ಬಿಟ್ಟು ನಮ್ಮನ್ನು ನಂಬಿಸಿದ ಸೈಲೆನ್ಸರ್ ಅವರಿಗೆ

ಸನ್ಮಾನ್ಯ ಸೈಲೆನ್ಸರ್ ಅವರ ಸನ್ನಿಧಿಗೆ,

ಮಾನ್ಯರೇ,

ಉಲಾನ್‌ಬಾತರ್ ನಗರದ ನಿವಾಸಿಯೂ, ತಾವು ಹಿಂಬದಿಯಲ್ಲಿ ತೂಗುತ್ತಿರುವ ಬೂದುಬಣ್ಣದ ಕಾರಿನ ಮಾಲೀಕನೂ ಆದ ಯೊಂದೋನ್ ಎಂಬ ನಾನು ಮಾಡುವ ನಮಸ್ಕಾರಗಳು. ಬಗ್ಗದೆ ತಮ್ಮ ದರ್ಶನವಾಗುವುದಿಲ್ಲವಾದ್ದರಿಂದ ಇದು ಹಿಮದಲ್ಲಿ ಮಂಡಿಯೂರಿಯೇ ಸಲ್ಲಿಸಿದ ನಮಸ್ಕಾರವೆಂದು ತಿಳಿಯಬೇಕು.

ತಾವು ಸುಳ್ಳು ಹೇಳಿದಿರಿ ಎಂಬುದು ನನ್ನ ದೂರಲ್ಲ. ಹೊಗೆ ನೀಲಿಯಾದರೆ ಎಂಜಿನ್ ತನ್ನ ಆಯಿಲನ್ನೇ ಸುಡುತ್ತಿದೆ, ಕಪ್ಪಾದರೆ ಅಗತ್ಯಕ್ಕಿಂತ ಹೆಚ್ಚು ಇಂಧನ ಕುಡಿಯುತ್ತಿದೆ, ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ಒಳಗೆ ಸೋರಿ ಆವಿಯಾಗುತ್ತಿದೆ ಎಂದು ತಿಳಿಸುವ ತಮ್ಮ ಸೇವೆ ಬೇಸಿಗೆಯಲ್ಲಿ ಯಾವ ಪತ್ರಿಕೆಗೂ ಕಡಿಮೆಯದಲ್ಲ. ಆದರೆ ಈ ಮೂರನೆಯ ಸುದ್ದಿಯನ್ನು ಪ್ರಕಟಿಸಲು ತಾವು ಆರಿಸಿಕೊಂಡದ್ದು ಜನವರಿ ತಿಂಗಳು. ಮೈನಸ್ ಮೂವತ್ತರ ಚಳಿಯಲ್ಲಿ ಊರಿನ ಅಷ್ಟೂ ಕಾರುಗಳು, ಬಸ್ಸುಗಳು, ಕೊನೆಗೆ ಟ್ರಾಫಿಕ್ ಪೊಲೀಸರ ಬಾಯಿಯೂ ಬಿಳಿ ಹೊಗೆಯನ್ನೇ ಬಿಡುತ್ತಿರುವಾಗ, ತಮ್ಮದೊಂದು ಬಿಳಿ ಹೊಗೆಗೆ ಬೇರೆ ಅರ್ಥವಿದೆಯೆಂದು ಯಾರು ತಾನೇ ತಿಳಿಯಬೇಕು?

ಗ್ಯಾರೇಜಿನ ದಂಬಾ ತಿಳಿದಿದ್ದ. "ಲೋ ಯೊಂದೋನ್, ವಾರಕ್ಕೊಂದ್ ಸಲ ಕೂಲಂಟ್ ತುಂಬಿಸ್ತೀಯಲ್ಲ, ಅದು ಎಲ್ಲಿಗೆ ಹೋಗ್ತಿದೆ ಅಂತ ಯೋಚ್ನೆ ಮಾಡಿದ್ಯಾ? ಹೊಗೆ ಸಿಹಿಸಿಹಿ ನಾತ ಹೊಡೀತಿದೆ. ಒಂದಿನ ನನ್ನ ಬಿಸಿ ಶೆಡ್ಡಲ್ಲಿ ನಿಲ್ಸು. ಬೇರೆ ಕಾರಿಂದು ಐದ್ ನಿಮಿಷಕ್ಕೆ ಮಾಯ ಆಗುತ್ತೆ, ನಿಂದು ಆಗಲ್ಲ ನೋಡು" ಎಂದ. "ಊರಿಗೆ ಊರೇ ಹೊಗೆ ಬಿಡ್ತಿದೆ, ನನ್ನ ಕಾರೊಂದನ್ನೇ ಯಾಕೋ ಆಸ್ಪತ್ರೆಗೆ ಸೇರಿಸ್ತೀಯ?" ಎಂದು ನಾನು ನಕ್ಕೆ. ನಮ್ಮ ಅತ್ತೆ ತ್ಸೆರ್ಮಾ ಅವರಂತೂ ತಮ್ಮ ಪಕ್ಷವನ್ನೇ ವಹಿಸಿದರು: "ಬಿಳಿ ತಿಂಗಳ ಹಬ್ಬ ಬರ್ತಿದೆ, ಕಾರೂ ಬಿಳೀನೇ ಉಸಿರಾಡ್ತಿದೆ. ಇದಕ್ಕಿಂತ ಒಳ್ಳೆ ಶಕುನ ಬೇಕಾ ಮಗಾ?"

ನಮ್ಮ ಹೊಸವರ್ಷವಾದ ಆ ಹಬ್ಬದ ಮೊದಲ ಬೆಳಗ್ಗೆ ಕಿರಿಯರು ಹಿರಿಯರ ಮೊಣಕೈಗಳನ್ನು ಕೆಳಗಿನಿಂದ ಹಿಡಿದು ಕುಶಲ ಕೇಳಬೇಕು. ಅತ್ತೆಗೆ ಉಳಿದಿರುವ ಹಿರಿಯರು ಒಬ್ಬರೇ, ನಾನೂರು ಕಿಲೋಮೀಟರ್ ಆಚೆ ಅರ್ವಾಯ್‌ಖೇರ್‌ನಲ್ಲಿರುವ ತೊಂಬತ್ತೊಂದು ವರ್ಷದ ಅಣ್ಣ ಪುರೆವ್. "ತಂಗೀ, ಮುಂದಿನ ವರ್ಷಕ್ಕೆ ನಾನು ಮಾತು ಕೊಡಲ್ಲ, ಈ ಸಲ ಬಂದ್ಬಿಡು" ಎಂದು ಅವರು ಫೋನಿನಲ್ಲಿ ಹೇಳಿದ್ದರು. ಆದ್ದರಿಂದ ಹಬ್ಬದ ಹಿಂದಿನ ದಿನ ಹೊರಟೆವು. ಪ್ರಯಾಣ ಸುಖಕರವಾಗಲೆಂದು ನನ್ನ ಹೆಂಡತಿ ಹಿಂದಿನಿಂದ ಚಿಮುಕಿಸಿದ ಹಾಲು ತಮ್ಮ ಮೇಲೆಯೇ ಬಿದ್ದು ಹೆಪ್ಪುಗಟ್ಟಿತು. ಅಂಥ ಅಭಿಷೇಕಕ್ಕೂ ತಾವು ಕರಗಲಿಲ್ಲ.

ಇನ್ನು ತೊಂಬತ್ತು ಕಿಲೋಮೀಟರ್ ಇದೆ ಎನ್ನುವಾಗ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು, ಎಂಜಿನ್ ನಿಂತಿತು. ಕೂಲಂಟ್ ಒಳಗೆ ಸೋರದಂತೆ ತಡೆಯಬೇಕಾದ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಅರ್ಧ ಗಂಟೆಯ ನಂತರ ಹುಲ್ಲು ಹೇರಿದ ಲಾರಿಯೊಂದು ಕರಿ ಹೊಗೆ ಕಾರುತ್ತ ಬಂದು ನಿಂತಿತು. "ಒಂದೇ ಸೀಟಿರೋದು. ಅಜ್ಜಿ ಹತ್ಲಿ. ನೀನು ಅಗೋ ಆ ಗುಡಾರಕ್ಕೆ ನಡಿ, ಬೈಯಲ್ಲ, ಟೀ ಕೊಡ್ತಾರೆ" ಎಂದ ಚಾಲಕ. ಅತ್ತೆ ಕಿಟಕಿಯಿಂದ ಸಮಾಧಾನ ಹೇಳಿದರು: "ಬೇಜಾರ್ ಮಾಡ್ಕೋಬೇಡ ಮಗಾ. ಶಕುನ ನೋಡಿದ್ದು ನಾನೇ ಆದ್ರೂ ಕಾರು ನಿಂದೇ ಅಲ್ವಾ."

ಹೀಗೆ ಅಪರಿಚಿತರ ಗುಡಾರದಲ್ಲಿ, ಅವರ ಹಬ್ಬದ ಕುರಿಮಾಂಸದ ಕಡುಬನ್ನು ಹದಿನಾರನೆಯ ಬಾರಿ ಬೇಡವೆನ್ನಲಾಗದೆ ತಿನ್ನುತ್ತ ಬರೆಯುತ್ತಿರುವ ನನ್ನ ಬೇಡಿಕೆಗಳು ಸಣ್ಣವು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ತಾವು ದಯವಿಟ್ಟು ಕೆಂಪು ಹೊಗೆ ಬಿಡಬೇಕು. ಅದಾಗದಿದ್ದರೆ ಸಿಗ್ನಲ್ಲಿನಲ್ಲಿ ಉಳಿದೆಲ್ಲ ಕಾರುಗಳೂ ಎರಡು ನಿಮಿಷ ಉಸಿರು ಬಿಗಿಹಿಡಿಯುವಂತೆ ತಮ್ಮ ಬಂಧುಗಳಲ್ಲಿ ವಿನಂತಿಸಬೇಕು. ಅದೂ ಕಷ್ಟವೆನಿಸಿದರೆ, ನನಗೆ ದಂಬಾನ ಮಾತು ಕೇಳುವ ಬುದ್ಧಿಯನ್ನಾದರೂ ದಯಪಾಲಿಸಬೇಕು. ಮೂರರಲ್ಲಿ ಇದೇ ಅತಿ ಕಠಿಣವೆಂದು ನನ್ನ ಹೆಂಡತಿಯ ಅಭಿಪ್ರಾಯ.

ಕಾರು ಎಳೆದೊಯ್ಯಲು ಹಗ್ಗ ತರುವ ದಂಬಾನ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಯೊಂದೋನ್

ವಿ.ಸೂ.: ಈಗಷ್ಟೇ ಅತ್ತೆಯ ಫೋನ್ ಬಂತು. ಸೂರ್ಯ ಹುಟ್ಟುವ ಹೊತ್ತಿಗೆ ಅಣ್ಣನ ಮೊಣಕೈ ಹಿಡಿದರಂತೆ, ಇಬ್ಬರೂ ಬಹಳ ಹೊತ್ತು ಬಿಡಲಿಲ್ಲವಂತೆ. ವಾಪಸು ಬರುವುದೂ ಅದೇ ಲಾರಿಯಲ್ಲಂತೆ. ಕರಿ ಹೊಗೆಯೂ ಕಾಯಿಲೆಯೇ ಎಂದು ನಾನು ವಿವರಿಸಿದೆ. "ಇರಬಹುದು ಮಗಾ," ಎಂದರು ಅತ್ತೆ, "ಆದ್ರೆ ಆ ಲಾರಿಗೆ ಹುಷಾರಿಲ್ಲ ಅನ್ನೋದು ಈ ಹಿಮದಲ್ಲೂ ಎರಡು ಮೈಲಿಯಿಂದ್ಲೇ ಕಾಣ್ಸುತ್ತೆ. ನಿನ್ನ ಕಾರಿನ ಥರ ಹಬ್ಬದ ಬಿಳಿ ಬಟ್ಟೆ ಹಾಕ್ಕೊಂಡು ಸಾಯಲ್ಲ."