ಮಾದಪ್ಪ ಕಳಿಸಿದ ಬೆಕ್ಕು

ಕಾಯಿಲೆ ಬಿದ್ದಾಗ ಜನ ಎರಡು ಬಗೆ. ಕೆಲವರಿಗೆ ಹಾಸಿಗೆಯ ಸುತ್ತ ನಾಲ್ಕು ಜನ ಕೂತು ‘ಅಯ್ಯೋ’ ಅನ್ನುತ್ತಿರಬೇಕು. ಇಲ್ಲದಿದ್ದರೆ ನುಂಗಿದ ಮಾತ್ರೆ ನಾಟುವುದಿಲ್ಲ. ಇನ್ನು ಕೆಲವರು ಗೋಡೆಯ ಕಡೆ ಮುಖ ಮಾಡಿ ಮಲಗಿ, ಯಾರೂ ಏನೂ ಕೇಳದಿದ್ದರೆ ಅರ್ಧ ವಾಸಿಯಾಗುವವರು. ನಾನು ಎರಡನೆಯ ಬಗೆ. ‘ಈಗ ಹೇಗಿದೆ?’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಯಾವುದೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ‘ಪರವಾಗಿಲ್ಲ’ ಎಂದರೆ ಬ್ರೆಡ್ಡು, ಎಳನೀರು ಹಿಡಿದು ಬಂದವರಿಗೆ ನಿರಾಸೆ. ‘ತುಂಬಾ ನೋವು’ ಎಂದರೆ ಅವರು ತಮ್ಮ ನಾದಿನಿಗೆ ಬಂದಿದ್ದ ಇದಕ್ಕಿಂತ ದೊಡ್ಡ ನೋವಿನ ಕಥೆ ತೆಗೆಯುತ್ತಾರೆ. ನನ್ನಂಥವಳನ್ನು ಸಮಾಧಾನಪಡಿಸುವ ಅರ್ಹತೆ ಇರುವುದು ಬೆಕ್ಕಿಗೆ ಮಾತ್ರ ಎಂದು ನಂಬಿದ್ದೆ. ಆ ನಂಬಿಕೆ ಈಗ ಎಲ್ಲಿ ಬಂದು ನಿಂತಿದೆ ಎಂದು ನನಗೇ ತಿಳಿಯುತ್ತಿಲ್ಲ.

ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಮನೆ ಚಾಮರಾಜನಗರದಲ್ಲಿ. ತೆರಕಣಾಂಬಿ ಮೇಲೆ ಬರುವ ಬಸ್ಸು ಹತ್ತಿದರೆ ದಿನಾ ಓಡಾಡಬಹುದಾದಷ್ಟು ದೂರ. ಆದರೂ ‘ಬಸ್ಸಿನಲ್ಲಿ ಸೊಂಟ ನೋವು’ ಎಂದು ಅಮ್ಮನಿಗೆ ಹೇಳಿ ಇಲ್ಲೊಂದು ಕೋಣೆ ಮಾಡಿಕೊಂಡಿದ್ದೇನೆ. ನಿಜವಾದ ಕಾರಣ ಮೌನ ಎಂಬುದು ಅಮ್ಮನಿಗೂ ಗೊತ್ತು. ಕೋಣೆಯ ಜೊತೆಗೆ ಒಂದು ಬೆಕ್ಕೂ ಬಂತು. ಬಿಳಿ ಮೈ, ಬೆನ್ನ ಮೇಲೆ ಸೀದ ದೋಸೆಯಂಥ ಕಂದು ಮಚ್ಚೆ. ಬೆಳಿಗ್ಗೆ, ಸಂಜೆ ಮೊಸರನ್ನ ಹಾಕುತ್ತಿದ್ದೆ. ಆದ್ದರಿಂದ ಅದು ನನ್ನದು. ಅದು ಮೈ ಸವರಿಸಿಕೊಳ್ಳಲು ಬರುತ್ತಿರಲಿಲ್ಲ, ನಾನೂ ಸವರುತ್ತಿರಲಿಲ್ಲ. ಹೆಸರಿಟ್ಟಿರಲಿಲ್ಲ. ಒಂದೇ ಕಚೇರಿಯ ಇಬ್ಬರು ಮಿತಭಾಷಿ ಸಹೋದ್ಯೋಗಿಗಳ ಹಾಗೆ ಇದ್ದೆವು.

ಮಳೆ ಮುಗಿಯುವ ಹೊತ್ತಿಗೆ ನಮ್ಮ ಬೀದಿಗೆ ಕೀಲು ಹಿಡಿಯುವ ಜ್ವರ ಬಂತು. ಅದು ಮನೆಯಿಂದ ಮನೆಗೆ ಲಗ್ನಪತ್ರಿಕೆ ಹಂಚುವವರಂತೆ ಯಾರನ್ನೂ ಬಿಡದೆ ಬರುತ್ತಾ, ನನ್ನ ಬಾಗಿಲನ್ನೂ ತಟ್ಟಿತು. ಮೊಣಕಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಆಗಲೇ ಬೆಕ್ಕು, ಅದುವರೆಗೆ ಹೊಸ್ತಿಲು ದಾಟಿ ಒಳಗೆ ಬಂದವರಲ್ಲದ ಆ ಮಹಾಶಯರು, ನೇರವಾಗಿ ಮಂಚ ಹತ್ತಿ, ನೋವಿದ್ದ ಮೊಣಕಾಲನ್ನೇ ಹುಡುಕಿ ಅದರ ಮೇಲೆ ಮಲಗಿಬಿಟ್ಟಿತು. ಮಲಗಿ ದೂರದ ಹೊಲದಲ್ಲಿ ಓಡುವ ಪಂಪ್‌ಸೆಟ್ಟಿನಂತೆ ಗುರುಗುಟ್ಟತೊಡಗಿತು. ಏನೂ ಕೇಳಲಿಲ್ಲ. ನಾದಿನಿಯ ಕಥೆ ಹೇಳಲಿಲ್ಲ. ಜ್ವರ ಏರಿದ್ದ ಒಂದು ಮಧ್ಯಾಹ್ನ ನಾನು ಅದನ್ನು ‘ಚಿನ್ನೂ’ ಎಂದು ಕರೆದೆ. ಕರೆದ ಮೇಲೆ ಕಿಟಕಿಯಾಚೆ ಯಾರಿಗೂ ಕೇಳಿಸಿಲ್ಲ ಎಂದು ಖಚಿತಪಡಿಸಿಕೊಂಡೆ.

ಮನೆಯ ಒಡತಿ ಗೌರಮ್ಮನವರು ಗಂಜಿ ತಂದವರು ಈ ದೃಶ್ಯ ನೋಡಿ ಕೈಮುಗಿದರು. ನನಗಲ್ಲ, ಬೆಕ್ಕಿಗೆ.

“ಇದು ಸುಮ್ಕೆ ಬಂದಿರಾ ಬೆಕ್ಕಲ್ಲ ಕಣಮ್ಮಿ. ಮಾದಪ್ಪ ಕಳ್ಸವ್ನೆ.”

“ಮಾದಪ್ಪನ ವಾಹನ ಹುಲಿ ಅಲ್ವಾ ಗೌರಮ್ಮ?” ಎಂದೆ.

“ಉಲಿನೇಯ. ಈಗಿನ್ ಕಾಲ್ದಲ್ಲಿ ಪ್ಯಾಟೆ ಒಳಕ್ಕೆ ಉಲಿ ಕಳ್ಸುದ್ರೆ ಫಾರೆಸ್ಟ್‌ನೋರು ಬೋನಿಟ್ಟು ಇಡ್ಕೊಂಡು ಓಯ್ತರೆ. ಅದ್ಕೇ ಅದರ ಪೈಕಿಯೋರ ಕಳ್ಸವ್ನೆ, ಬುಡು.”

ನಾನು ಒಳಗೊಳಗೇ ನಕ್ಕೆ. ಆದರೆ ಮರುದಿನ ಬೆಳಿಗ್ಗೆ ಬೆಕ್ಕು ಬಂದಾಗ ಅದರ ಹಣೆಯ ಮೇಲೆ ವಿಭೂತಿ ಇತ್ತು. ಎರಡು ಕಿವಿಗಳ ನಡುವೆ ಒಪ್ಪವಾಗಿ ಎಳೆದ ಮೂರು ಗೆರೆ. ಬಿಳಿ ಬೆಕ್ಕಾದ್ದರಿಂದ ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತಿತ್ತು. ‘ನೀವು ಹಚ್ಚಿದಿರಾ?’ ಎಂದು ಗೌರಮ್ಮನವರನ್ನು ಕೇಳಿದೆ. “ನಾನ್ಯಾಕ್ ಅಚ್ಚನಮ್ಮಿ? ನಾ ಏಳ್ನಿಲ್ವಾ, ಅವ್ನೇ ಅಚ್ಚಿ ಕಳ್ಸವ್ನೆ” ಎಂದು ಅವರು ಕೆನ್ನೆ ಬಡಿದುಕೊಂಡರು. ಮೈಸೂರಿನಲ್ಲಿ ಓದಿ ಪದವಿ ಪಡೆದವಳು ನಾನು. ಸಾಕ್ಷ್ಯವಿಲ್ಲದೆ ಯಾವುದನ್ನೂ ಒಪ್ಪಬಾರದು ಎಂದು ತರಗತಿಯಲ್ಲಿ ಹೇಳುತ್ತೇನೆ. ಈಗ ಸಾಕ್ಷ್ಯ ನನ್ನ ಮೊಣಕಾಲ ಮೇಲೆ ಮಲಗಿ ಬಾಲ ನೆಕ್ಕಿಕೊಳ್ಳುತ್ತಿತ್ತು. ಏನು ಮಾಡುವುದು?

ಆ ಮಧ್ಯಾಹ್ನವೇ ಅಮ್ಮ ಚಾಮರಾಜನಗರದಿಂದ ಖಾಲಿ ಚೀಲ ಹಿಡಿದು ಬಂದರು. ಚೀಲ ನನ್ನ ಬಟ್ಟೆ ತುಂಬಿಕೊಳ್ಳಲು.

“ನಡಿ, ಮನೆಗೆ ಹೋಗೋಣ. ಇಲ್ಲಿ ನಿನ್ನ ಯಾರು ನೋಡ್ಕೋತಾರೆ?”

ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ವಾಸಿಯಾದ ಮೇಲೂ ‘ಇನ್ನೊಂದು ವಾರ ಇರು’ ಎನ್ನುತ್ತಾರೆ. ಆ ವಾರ ಮುಗಿಯುವುದರೊಳಗೆ ಕೋಣೆ ಕೈಬಿಟ್ಟು ಹೋಗಿರುತ್ತದೆ. ಅದೂ ಅಲ್ಲದೆ, ನನಗೋಸ್ಕರ ದಿನವೆಲ್ಲ ಕಾವಲು ಕೂತ ಪ್ರಾಣಿಯನ್ನು ಬಿಟ್ಟು ಹೋಗುವುದು ಹೇಗೆ? ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಣ್ಣು ಮಾತ್ರ ಬೆಕ್ಕಿನ ಕಡೆ ಹೋಯಿತು. ಅಮ್ಮನಿಗೆ ಅಷ್ಟು ಸಾಕು.

“ಓಹೋ! ಹೆತ್ತವಳು ಬೇಡ, ಬೆಕ್ಕು ಸಾಕು! ಆಗಲಿ, ಅದಕ್ಕೇ ಹೇಳು ರಸಂ ಮಾಡಿಕೊಡೋಕೆ” ಎಂದು ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದರು. ಹೋಗುವ ಮೊದಲು ರಸಂ ಮಾಡಿಟ್ಟಿದ್ದರು.

ಅಮ್ಮ ಬೀದಿಯ ತಿರುವು ದಾಟಿದ್ದೇ ತಡ, ಬೆಕ್ಕು ಎದ್ದು ಮೈಮುರಿದು ಹೊರಟಿತು. ಸಂಜೆಯ ಮೊಸರನ್ನಕ್ಕೂ ಬರಲಿಲ್ಲ. ಬೆಳಿಗ್ಗೆಯೂ ಇಲ್ಲ. ಅದರ ಭರವಸೆಯ ಮೇಲೆ ತಾಯಿಯನ್ನು ವಾಪಸು ಕಳಿಸಿದವಳ ಸ್ಥಿತಿ ಊಹಿಸಿಕೊಳ್ಳಿ. ಅದಕ್ಕೇನಾದರೂ ನನ್ನ ಜ್ವರ ಅಂಟಿತೇ ಎಂಬ ಭಯ ಬೇರೆ. ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತಾ ಹುಡುಕಿಕೊಂಡು ಹೊರಟೆ. ದೂರ ಹೋಗಬೇಕಾಗಲಿಲ್ಲ. ಎದುರು ಮನೆಯ ಜಗಲಿಯಲ್ಲಿ, ನಿವೃತ್ತ ಬಸ್ ಡ್ರೈವರ್ ಮಾದೇವಣ್ಣನವರು ಕಾಲು ಚಾಚಿ ಕೂತಿದ್ದರು. ಅವರ ಹಣೆಯ ಮೇಲೆ ವಿಭೂತಿ. ಅವರ ಮೊಣಕಾಲ ಮೇಲೆ ನನ್ನ ಚಿನ್ನು. ಅದರ ಹಣೆಯ ಮೇಲೂ ವಿಭೂತಿ.

“ಬನ್ನಿ ಮೇಡಂ, ಕೂತ್ಕಳಿ. ನಿಮ್ಗೂ ಕೀಲಾ? ನೋಡಿ ನಮ್ ರಾಜನ, ನಂಗೆ ಜರ ಬಂದಾಗಿಂದ ರಾತ್ರೆಲ್ಲ ಮಂಡಿ ಬುಟ್ಟು ಏಳನಿಲ್ಲ. ಬೆಳಿಗ್ಗೆ ನಾ ಈಬೂತಿ ಇಕ್ಕಳವಾಗ ಅವುನ್ಗೂ ಮೂರ್ ಗೀಟು ಎಳಿತೀನಿ.”

‘ರಾಜ’. ಅದು ಗಂಡೆಂಬುದು ನನಗೆ ಆಗಲೇ ಗೊತ್ತಾದದ್ದು. ಹೊಟ್ಟೆಕಿಚ್ಚನ್ನು ಅಡಗಿಸಿಕೊಂಡು, ಪಾಠ ಮಾಡುವ ದನಿಯಲ್ಲಿ ಹೇಳಿದೆ: “ಬೆಕ್ಕಿಗೆ ಬಿಸಿ ಬೇಕು ಮಾದೇವಣ್ಣ. ಜ್ವರ ಬಂದವರ ಮೈ ಬಿಸಿ ಇರುತ್ತದೆ. ಅದಕ್ಕೇ ಬರುತ್ತದೆ.”

“ನಂಗೆ ಜರ ಬುಟ್ಟು ಬೋ ದಿನ ಆಯ್ತಲ್ಲ? ಈಗಿರಾದು ನೋವು ಒಂದೇಯ.”

“ಹಾಗಿದ್ದರೆ ಹಾಲಿಗೆ ಇರಬೇಕು.”

“ನಮ್ಮನೇಲಿ ಆಲೆಲ್ಲಿ ಮೇಡಂ? ನಾನು ಕುಡಿಯಾದೇ ಕರಿ ಟೀ.”

“ಮತ್ತೆ ಯಾಕೆ ಬರುತ್ತೆ?”

“ನಂಗೇನ್ ಗೊತ್ತು? ಓದಿರೋರು ನೀವು. ಲೋ ರಾಜ, ಏಳ್ಲಾ ಮೇಡಂಗೆ, ಯಾಕ್ಲಾ ಬತ್ತೀಯೆ?”

ರಾಜ ಕಣ್ಣು ಮುಚ್ಚಿಕೊಂಡಿತು. ಆದರೆ ನಾನು ವಾಪಸು ಹೊರಟಾಗ ಎದ್ದು ನನ್ನ ಹಿಂದೆಯೇ ಬಂದು, ನನಗಿಂತ ಮೊದಲು ಮಂಚ ಹತ್ತಿತು. ನನಗೆ ಸಂತೋಷವಾಗಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ. ನರ್ಸಮ್ಮನಿಗೆ ಎರಡು ವಾರ್ಡು ಇದ್ದರೆ ಪ್ರೀತಿ ಅರ್ಧವಾಗುತ್ತದೆಯೇ? ಇದಕ್ಕೆ ನನ್ನ ಶಾಸ್ತ್ರದಲ್ಲಿ ಸೂತ್ರವಿಲ್ಲ.

ಹಾಗೆ ಇಬ್ಬರ ನಡುವೆ ಓಡಾಡುತ್ತಾ ಅದು ನನ್ನನ್ನು ವಾಸಿ ಮಾಡಿತು, ಅಥವಾ ನಾನು ವಾಸಿಯಾಗುವಾಗ ಅದು ಅಲ್ಲಿತ್ತು. ಮೊಣಕಾಲು ಮಡಿಚುವಂತಾದ ದಿನದಿಂದ ಬೆಕ್ಕು ಹೊಸ್ತಿಲಾಚೆಗೆ ಸರಿಯಿತು. ಮೊಸರನ್ನ ತಿಂದು, ಹಳೆಯ ಸಹೋದ್ಯೋಗಿಯಂತೆ ತಲೆಯಾಡಿಸದೆ ಹೋಗುತ್ತದೆ. ಆರೋಗ್ಯ ಬಂದಿದೆ ಎಂದು ಖುಷಿಪಡುವ ಬದಲು ನಾನು ಬಾಗಿಲು ಕಾಯತೊಡಗಿದೆ. ಮೊನ್ನೆ ಸಂಜೆ ಅದು ಅಂಗಳ ದಾಟುತ್ತಿದ್ದಾಗ, ಆಚೀಚೆ ನೋಡಿ, ಸಣ್ಣದಾಗಿ ಕೆಮ್ಮಿದೆ. ಬೆಕ್ಕು ನಿಂತಿತು. ತಿರುಗಿ ನನ್ನನ್ನು ಅಳೆದು ನೋಡಿತು. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೆಮ್ಮಿದೆ. ಅದು ಬಾಲ ಎತ್ತಿಕೊಂಡು ಬೀದಿಯ ಕೊನೆಯ, ಹೊಸದಾಗಿ ಜ್ವರ ಬಂದವರ ಮನೆ ಕಡೆ ನಡೆಯಿತು.

ಗೌರಮ್ಮನವರು ಮಾತ್ರ ಅರ್ಧ ಗಂಟೆಯೊಳಗೆ ಮೆಣಸಿನ ಕಷಾಯದ ಲೋಟ ಹಿಡಿದು ಓಡಿಬಂದರು. “ಯಾಕಮ್ಮಿ, ಇಂಗ್ ಕೆಮ್ತಿಯೆ? ಬಾಯ್ಬುಟ್ಟು ಏಳಾಕಿಲ್ಲ ನೀನು. ನಿಮ್ಮವ್ವಂಗೆ ಫೋನ್ ಮಾಡ್ಬುಟ್ಟೆ, ಬಸ್ ಅತ್ತವ್ರೆ.” ಎದುರು ಜಗಲಿಯಿಂದ ಮಾದೇವಣ್ಣನವರು ವಿಭೂತಿ ತಟ್ಟೆ ಹಿಡಿದು ಕುಂಟುತ್ತಾ ಇಳಿಯುತ್ತಿದ್ದರು.

ಯಾರನ್ನು ಕರೆಯಲು ಕೆಮ್ಮಿದೆ ಎಂದು ಹೇಳುವಂತಿರಲಿಲ್ಲ. ಕಷಾಯವನ್ನು ತಳದ ಗಸಿಯ ಸಮೇತ ಕುಡಿದೆ. ಹಣೆ ಒಡ್ಡಿದೆ. ‘ಈಗ ಹೇಗಿದೆ ಮೇಡಂ?’ ಎಂದು ಮಾದೇವಣ್ಣನವರು ಕೇಳಿದರು. ‘ತುಂಬಾ ನೋವು’ ಎಂದು ಬಾಯಿಂದ ಬಂದುಬಿಟ್ಟಿತು. ಅಮ್ಮ ಬಸ್ಸಿಳಿದು ಬಂದಾಗ ಮೂರು ಗೆರೆ ವಿಭೂತಿ ಹಚ್ಚಿಕೊಂಡು, ಗೌರಮ್ಮನವರ ನಾದಿನಿಯ ಕಥೆ ಕೇಳುತ್ತಾ ಕೂತಿದ್ದೆ. ಈ ಸಲ ಚೀಲ ಖಾಲಿ ಇರಲಿಲ್ಲ. ಅದರಲ್ಲಿ ಅಮ್ಮನ ಬಟ್ಟೆಗಳಿದ್ದವು.