ವರ್ಲಿನ್‌ನ ವಿಮಾನಕ್ಕೆ ಗಟ್ಟಿ ಕಾಲು

ವರ್ಲಿನ್ ಹೌಗನ್‌ನ ಪ್ರಕಾರ ಆ ದಿನ ವಿಸ್ಕಾನ್ಸಿನ್ ರಾಜ್ಯದ ನೆಲ ಇರಬೇಕಾದ್ದಕ್ಕಿಂತ ಎರಡಡಿ ಮೇಲಿತ್ತು. ಹೋದ ಆಗಸ್ಟ್‌ನಲ್ಲಿ, ಸ್ವಂತ ಕೈಯಿಂದ ಕಟ್ಟಿದ ವಿಮಾನವನ್ನು ಇಳಿಸುವಾಗ ಅದು ದೊಪ್ಪನೆ ಬಿದ್ದು, ಮೂರು ಸಲ ಪುಟಿದು, ಎಡಗಡೆಯ ಚಕ್ರದ ಕಾಲು ಬಾಗಿತು. ಅದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಇದೊಂದು. ಗಾಳಿ ಇನ್ನೊಂದು. ಪಕ್ಕದ ಜೋಳದ ಹೊಲ ಮೂರನೆಯದು. ಇಳಿಸಿದವನೂ ಒಂದು ಕಾರಣವಿರಬಹುದೇನೋ ಎಂದು ಹೆಂಡತಿ ಮಾರ್ಲಿಸ್ ವಿನಯದಿಂದ ಸೂಚಿಸಿದಾಗ, ಆ ಸಾಧ್ಯತೆಯನ್ನು ಅವನು ಎಲ್ಲ ಕೋನಗಳಿಂದಲೂ ಪರಿಶೀಲಿಸಿ ಎರಡು ಸೆಕೆಂಡಿನಲ್ಲಿ ತಳ್ಳಿಹಾಕಿದ.

"ಕಾಲು ಸಣಕಲು, ಅಷ್ಟೇ," ಎಂದ. "ನಕ್ಷೆ ಬರೆದವನಿಗೆ ಏನೂ ಗೊತ್ತಿಲ್ಲ. ನಾನು ಗಟ್ಟಿ ಮಾಡ್ತೀನಿ."

ನಕ್ಷೆ ಬರೆದವನು ಇಡೀ ಜೀವಮಾನ ವಿಮಾನಗಳನ್ನೇ ಬರೆದವನು. ವರ್ಲಿನ್ ಚೀಸ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು. ಇಬ್ಬರಲ್ಲಿ ಯಾರಿಗೆ ಹೆಚ್ಚು ತಿಳಿದಿದೆ ಎಂಬ ಬಗ್ಗೆ ವರ್ಲಿನ್‌ಗೆ ಯಾವ ಸಂಶಯವೂ ಇರಲಿಲ್ಲ. (ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ವಿಮಾನಕ್ಕೆ ಕಟ್ಟಿದವನೇ ಬ್ರಹ್ಮ. ಸರ್ಕಾರವೂ ಹೆಚ್ಚು ಕಡಿಮೆ ಹಾಗೆಯೇ ಹೇಳುತ್ತದೆ. ಆದರೆ ಬ್ರಹ್ಮನಿಗೆ ವೆಲ್ಡಿಂಗ್ ಬರಬೇಕೆಂದು ನಿರೀಕ್ಷಿಸುತ್ತದೆ.)

ಆ ವಿಮಾನ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ಬೆಳೆದಿತ್ತು. ಆ ಹನ್ನೊಂದು ಚಳಿಗಾಲವೂ ಮಾರ್ಲಿಸ್‌ಳ ಕಾರು ಹೊರಗೆ ಹಿಮದಲ್ಲಿ ನಿಂತಿತ್ತು. ಉಕ್ಕಿನ ಕೊಳವೆಗಳ ಹಂದರವನ್ನು ಬೆಸೆದವನು ವರ್ಲಿನ್. ಅದರ ಮೇಲೆ ಬಟ್ಟೆ ಎಳೆದು, ರೆಕ್ಕೆಯ ಉದ್ದಕ್ಕೂ ಒಂದೊಂದೇ ಹೊಲಿಗೆ ಹಾಕಿದವಳು ಮಾರ್ಲಿಸ್. ಸಾಲದ್ದಕ್ಕೆ ಹೋದ ವರ್ಷ ಅವಳು ಪೈಲಟ್ ಪರವಾನಗಿಯನ್ನೂ ತೆಗೆದುಕೊಂಡಳು. ಅವಳು ಇಳಿಸಿದರೆ ಹುಲ್ಲಿಗೂ ಗೊತ್ತಾಗುವುದಿಲ್ಲ ಎಂದು ಕಲಿಸಿದ ಮಾಸ್ತರರೇ ಊರೆಲ್ಲ ಹೇಳಿಕೊಂಡು ತಿರುಗಿದರು. ವರ್ಲಿನ್ ಮಾತ್ರ, ಅದು ಮಾಸ್ತರರ ಸಾಧು ವಿಮಾನ, ನಮ್ಮದಕ್ಕೆ ಗಂಡಸಿನ ಕೈಯೇ ಬೇಕು ಎಂದು ವಾದಿಸಿದ. (ಗಂಡಸಿನ ಕೈ ತಗುಲಿದ ಫಲವಾಗಿ ಕಾಲು ಬಾಗಿ ಬಿದ್ದಿತ್ತು ಎಂಬುದು ಬೇರೆ ಮಾತು.)

ಆ ಪರವಾನಗಿಯ ಹಿಂದೆ ಮಾರ್ಲಿಸ್‌ಳ ಒಂದು ಆಸೆ ಅಡಗಿತ್ತು. ಬರುವ ಜುಲೈನಲ್ಲಿ, ದಕ್ಷಿಣ ಡಕೋಟಾದಲ್ಲಿದ್ದ ತಂಗಿ ಲವಾನ್‌ಗೆ ಅರವತ್ತು ತುಂಬುತ್ತಿತ್ತು. ತಂಗಿಯ ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ತಾನೇ ವಿಮಾನ ಇಳಿಸಬೇಕು, ತಂಗಿ ಅದನ್ನು ನೋಡಬೇಕು. ಇಷ್ಟೇ. ಆದರೆ ಅದಕ್ಕೆ ಮುಂದಿನ ಸೀಟು ಬೇಕು, ಬ್ರೇಕ್ ಇರುವುದು ಅಲ್ಲಿ. ಆ ಸೀಟಿನಲ್ಲಿ ವರ್ಲಿನ್ ಸಿಂಹಾಸನವೇರಿದವನಂತೆ ಕೂತಿದ್ದ.

ಕೊನೆಗೆ ಗಂಡಹೆಂಡಿರ ನಡುವೆ ಒಪ್ಪಂದವಾಯಿತು. ಜೂನ್ ತಿಂಗಳಲ್ಲಿ ವಿಮಾನ ಕ್ಲಬ್ಬಿನವರು ಊರಿಗೆಲ್ಲ ಪ್ಯಾನ್‌ಕೇಕ್ ತಿಂಡಿ ಹಾಕುವ ದಿನ ವರ್ಲಿನ್ ಎಲ್ಲರೆದುರು ವಿಮಾನ ಇಳಿಸಬೇಕು. ಕಾಲು ಬಾಗಿದರೆ ಮುಂದಿನ ಸೀಟು ಮಾರ್ಲಿಸ್‌ಗೆ. ಬಾಗದಿದ್ದರೆ ಅವನಿಗೆ. ಮಾತುಗಳನ್ನು ಆರಿಸಿದವನು ವರ್ಲಿನ್. ಕಾನೂನು ಪಂಡಿತನ ಗತ್ತಿನಲ್ಲಿ ಎರಡು ಸಲ ಓದಿಯೂ ಹೇಳಿದ.

ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ಕಿಡಿ ಹಾರಿತು. ತೆಳ್ಳಗಿನ ಕೊಳವೆ ಹೋಗಿ ದಪ್ಪನೆಯದು ಬಂತು. ಪ್ರತಿ ಮೂಲೆಗೂ ತ್ರಿಕೋನದ ತಗಡು ಬಂತು, ತಗಡಿನ ಮೇಲೆ ತಗಡು ಬಂತು, ಹೆಬ್ಬೆರಳಿನ ಗಾತ್ರದ ಬೋಲ್ಟುಗಳು ಬಂದವು. ಸೇತುವೆ ಹೊರುವ ಯೋಗ್ಯತೆ ಆ ಕಾಲುಗಳಿಗೆ ಬಂದ ಮೇಲೆ, ವಿಮಾನ ಕ್ಲಬ್ಬಿನ ಸಲಹೆಗಾರ ವೆಂಡೆಲ್ ಕುಬಿಯಾಕ್ ನೋಡಲು ಬಂದ. ಅದೇ ನಕ್ಷೆಯಿಂದ ಅವನೂ ಒಂದು ವಿಮಾನ ಕಟ್ಟಿ ಇಪ್ಪತ್ತು ವರ್ಷ ಹಾರಿಸಿದ್ದ. ಕಾಫಿ ಹೀರುತ್ತ ಸುತ್ತ ಎರಡು ಸಲ ನಡೆದು, ಇಂಥದ್ದನ್ನು ತಾನು ನೋಡಿಯೇ ಇರಲಿಲ್ಲ ಎಂದ. ಆ ಸೀಮೆಯಲ್ಲಿ ಯಾರೂ ಮುಖಕ್ಕೆ ಹೊಡೆದಂತೆ ಮಾತಾಡುವುದಿಲ್ಲ. ಇದಕ್ಕಿಂತ ಕಟುವಾದ ಬೈಗುಳ ಅಲ್ಲಿ ಸಿಗುವುದೂ ಕಷ್ಟ. ವರ್ಲಿನ್ ಅದನ್ನು ಪ್ರಶಸ್ತಿ ಎಂದೇ ಸ್ವೀಕರಿಸಿದ. ಆಗ ಕುಬಿಯಾಕ್ ಬಿಡಿಸಿ ಹೇಳಬೇಕಾಯಿತು.

"ನೋಡು ವರ್ಲಿನ್, ಹಳೇ ಕಾಲು ಬಾಗಿದ್ದು ಅದರ ತಪ್ಪಲ್ಲ, ಅದರ ಕೆಲಸ. ಏಟು ತಾನು ತಿಂದು ಮೇಲಿನದನ್ನ ಉಳಿಸ್ತು. ಇದು ಬಗ್ಗಲ್ಲ ಅಂದ್ರೆ ಏಟು ಮೇಲಕ್ಕೆ ಹೋಗತ್ತೆ."

"ಮೇಲಿನದನ್ನೂ ಗಟ್ಟಿ ಮಾಡಿದ್ರಾಯ್ತು."

"ಆಗ ಸೀಟಿಗೆ ಹೋಗತ್ತೆ."

"ಸೀಟೂ ಗಟ್ಟಿ ಮಾಡ್ತೀನಿ."

"ಆಮೇಲೆ ನಿನ್ನ ಬೆನ್ನುಮೂಳೆ. ಅಲ್ಲಿಂದ ತಲೆ."

"ತಲೆ ಚಿಂತೆ ಬಿಡು ವೆಂಡೆಲ್," ಎಂದಳು ಮಾರ್ಲಿಸ್, ಅವನ ಲೋಟಕ್ಕೆ ಕಾಫಿ ಬಗ್ಗಿಸುತ್ತ. "ಅದು ಹುಟ್ಟಿದಾಗಿನಿಂದ ಗಟ್ಟಿಯಾಗೇ ಇದೆ."

ವರ್ಲಿನ್ ಇಬ್ಬರಿಗೂ ಬೆನ್ನು ಹಾಕಿ ಇನ್ನೊಂದು ತಗಡು ಬೆಸೆದ.

ಜೂನ್ ಬಂತು. ಊರಿನ ಚಿಕ್ಕ ವಿಮಾನ ಮೈದಾನದಲ್ಲಿ ಪ್ಯಾನ್‌ಕೇಕಿನ ದಿನದ ಸಂಪ್ರದಾಯವೊಂದಿದೆ. ಹಿರಿಯರು ಮಡಚುವ ಕುರ್ಚಿ ಹಾಕಿಕೊಂಡು ಓಡುದಾರಿಯ ಪಕ್ಕದಲ್ಲಿ ಸಾಲಾಗಿ ಕೂತು, ಇಳಿಯುವ ಪ್ರತಿ ವಿಮಾನಕ್ಕೂ ರಟ್ಟಿನ ಮೇಲೆ ಅಂಕ ಬರೆದು ಎತ್ತಿ ತೋರಿಸುತ್ತಾರೆ. ತಾವು ಇಳಿಸುವುದನ್ನು ಬಿಟ್ಟು ಬಹಳ ವರ್ಷಗಳಾದವರಾದ್ದರಿಂದ ಅವರ ನ್ಯಾಯದಲ್ಲಿ ದಯೆಗೆ ಜಾಗವಿಲ್ಲ. ಮಾರ್ಲಿಸ್ ಸಾಸೇಜಿನ ತಟ್ಟೆ ಹಿಡಿದು ಅವರ ಹಿಂದೆ ನಿಂತಿದ್ದಳು.

ವರ್ಲಿನ್ ಬಂದ. ಅವನು ಬಂದ ಬಗೆಯನ್ನು ಇಳಿಯುವುದು ಎಂದು ಕರೆದರೆ ಆ ಪದಕ್ಕೆ ಅವಮಾನ. ಈ ಸಲ ಪುಟಿಯಲಿಲ್ಲ, ಪುಟಿಯಲು ಕಾಲು ಒಪ್ಪಬೇಕಲ್ಲ! ಕುಬಿಯಾಕ್ ಹೇಳಿದ ದಾರಿಯಲ್ಲೇ ಏಟು ಶಿಸ್ತಾಗಿ ಮೇಲಕ್ಕೆ ಹೋಯಿತು. ಕಾಲು ಹಿಡಿದಿದ್ದ ಒಡಲಿನ ಕೊಳವೆಗಳು ಲಟಲಟ ಮುರಿದವು, ಹೊಟ್ಟೆಯ ಬಟ್ಟೆ ಚರ್ರನೆ ಹರಿಯಿತು, ಸೀಟು ಬುಡಸಮೇತ ಕಿತ್ತುಬಂತು, ಪ್ರೊಪೆಲ್ಲರ್ ಹುಲ್ಲು ಅಗೆದು ನಿಂತಿತು. ವಿಮಾನ ಕಾವು ಕೂತ ಕೋಳಿಯಂತೆ ನೆಲಕ್ಕೆ ಹೊಟ್ಟೆ ಊರಿತು. ಆಚೆಗೊಂದು ಈಚೆಗೊಂದು ಚಾಚಿಕೊಂಡಿದ್ದ ಎರಡು ಕಾಲುಗಳು ಮಾತ್ರ ಕಾರ್ಖಾನೆಯಿಂದ ಈಗಷ್ಟೇ ಬಂದಂತಿದ್ದವು.

ಮಾರ್ಲಿಸ್ ತಟ್ಟೆ ಎಸೆದು ಓಡಿದಳು. ನಲವತ್ತು ವರ್ಷ ಜೊತೆಗಿದ್ದ ಗಂಡ, ಜೀವ ಬಾಯಿಗೆ ಬಂದಿತ್ತು. ಬಾಗಿಲು ಕಿತ್ತು, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿ ಪೆಟ್ಟಾಯಿತು ಎಂದು ಕೇಳಿದಳು. ನಾಲಿಗೆ ಕಚ್ಚಿಕೊಂಡದ್ದು ಬಿಟ್ಟರೆ ವರ್ಲಿನ್‌ಗೆ ಏನೂ ಆಗಿರಲಿಲ್ಲ. ದುರದೃಷ್ಟಕ್ಕೆ ಆ ನಾಲಿಗೆ ಇನ್ನೂ ಕೆಲಸ ಮಾಡುತ್ತಿತ್ತು.

"ಕಾಲು ನೋಡಿದ್ಯಾ? ಕೂದಲೆಳೆಯಷ್ಟೂ ಬಾಗಿಲ್ಲ."

ಮಾರ್ಲಿಸ್ ಕೈ ತೆಗೆದಳು. ಭಯ ಹೋದ ಜಾಗಕ್ಕೆ ಏನು ಬಂತೆಂದು ಸುತ್ತ ಸೇರಿದ್ದವರಿಗೆಲ್ಲ ಕಾಣಿಸಿತು, ವರ್ಲಿನ್ ಒಬ್ಬನನ್ನು ಬಿಟ್ಟು.

"ಇಲ್ಲ, ಬಾಗಿಲ್ಲ," ಎಂದಳು ತಣ್ಣಗೆ. "ನೀನೇ ಗೆದ್ದೆ. ಮುಂದಿನ ಸೀಟು ನಿಂದೇ. ಹ್ಯಾಗೂ ಕಿತ್ತು ಬಂದಿದೆ, ಮನೆಗೆ ತಗೊಂಡು ಹೋಗು."

ವರ್ಲಿನ್ ನಿಜಕ್ಕೂ ತಗೊಂಡು ಹೋದ. ಅತ್ತ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಆ ಬೇಸಿಗೆ ಹಾರುವಂತಿಲ್ಲದ ಕುಬಿಯಾಕ್ ತನ್ನ ವಿಮಾನದ ಕೀಲಿಯನ್ನು ಮಾರ್ಲಿಸ್ ಕೈಗಿಟ್ಟ. ಅವನ ಷರತ್ತು ಒಂದೇ: ವರ್ಲಿನ್ ಹಿಂದೆ ಕೂರಬೇಕು, ಏನನ್ನೂ ಮುಟ್ಟಬಾರದು.

ಜುಲೈನಲ್ಲಿ ಹೊರಟರು. ನಾನೂರು ಮೈಲಿ ಉದ್ದಕ್ಕೂ ಹಿಂದಿನ ಸೀಟಿನಿಂದ ಉಪದೇಶ ಹರಿಯಿತು: ಎತ್ತರ ಸಾಲದು, ವೇಗ ಹೆಚ್ಚು, ಮೋಡ ಸರಿಯಿಲ್ಲ. ಲವಾನ್‌ಳ ಹುಲ್ಲುಗಾವಲು ಕಂಡೊಡನೆ ಉಪದೇಶ ನಿಂತಿತು. ವರ್ಲಿನ್ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಎರಡೂ ಕಡೆಯ ಕೊಳವೆಗಳನ್ನು ಹಿಡಿದು ಏಟಿಗಾಗಿ ಕಾದ. ಬಹಳ ಹೊತ್ತು ಕಾದ.

"ನೆಲ ಮುಟ್ಟೋ ಮುಂಚೆ ಹೇಳು," ಎಂದ ಕೊನೆಗೆ.

"ಕಣ್ಣು ಬಿಡು. ಲವಾನ್ ವಿಮಾನದ ಬಾಗಿಲ ಹತ್ರ ನಿಂತಿದಾಳೆ."

ವರ್ಲಿನ್ ಇಳಿದ. ನಾದಿನಿಯ ಅಪ್ಪುಗೆಯನ್ನು ತಪ್ಪಿಸಿಕೊಂಡು, ಹುಟ್ಟುಹಬ್ಬದ ಶುಭಾಶಯವನ್ನೂ ಹೇಳದೆ, ನೇರ ವಿಮಾನದ ಕೆಳಗೆ ತೆವಳಿ ಹೋದ. ನಕ್ಷೆಯಲ್ಲಿದ್ದಂತೆಯೇ ಇದ್ದ ಆ ತೆಳ್ಳಗಿನ ಕಾಲನ್ನು ಬೆರಳಿನಿಂದ ತಟ್ಟಿದ, ಬೆಸುಗೆಯನ್ನು ಉಗುರಿನಿಂದ ಕೆರೆದ, ಗುಟ್ಟು ಎಲ್ಲಿ ಬಚ್ಚಿಟ್ಟಿದೆಯೆಂದು ಹುಡುಕಿದ.

"ಇಷ್ಟು ಸಣ್ಣ ಕಾಲು," ಎಂದ ಅಲ್ಲಿಂದಲೇ. "ಏಟನ್ನ ಹ್ಯಾಗೆ ತಡ್ಕೊಳ್ತು?"

ಮಾರ್ಲಿಸ್ ತಂಗಿಯ ತೋಳಿನಲ್ಲಿ ತೋಳು ಸೇರಿಸಿಕೊಂಡು ಮನೆಯ ಕಡೆ ತಿರುಗಿದ್ದಳು.

"ತಡ್ಕೊಳ್ಳೋಕೆ ನಾನು ಅದಕ್ಕೆ ಏಟೇ ಕೊಡ್ಲಿಲ್ಲ, ವರ್ಲಿನ್."

ಅವರಿಬ್ಬರೂ ಒಳಗೆ ಹೋದರು. ವರ್ಲಿನ್ ಆ ಕಾಲನ್ನು ಇನ್ನೊಂದು ಸಲ ತಟ್ಟಿ ನೋಡಿ, ಆಚೆ ಬಂದು ಚೀಲಗಳನ್ನು ಹೊತ್ತುಕೊಂಡು ಹಿಂಬಾಲಿಸಿದ.