ಮೂಕರನ್ನು ಮಾತಾಡಿಸಲು ಹೊರಟ ಪಾ ಗುನಾದಿ

ಪಾ ಗುನಾದಿಗೆ ಹೆಂಡತಿಯ ಗಿರಾಕಿಗಳ ಮೇಲೆ ಒಂದೇ ಒಂದು ದೂರು. ಅವರು ಬಾಯಿ ಬಿಡುವುದಿಲ್ಲ.

ಅವನ ಹೆಂಡತಿ ಬು ಲಾಸ್ಮಿ (ಪಾ, ಬು ಎಂದರೆ ಅಲ್ಲಿ ಯಜಮಾನರೇ, ಅಮ್ಮಾ ಎಂದ ಹಾಗೆ) ದಿನಾ ಮಧ್ಯಾಹ್ನ ಅಡುಗೆಮನೆಯ ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ, ಮುಂದೆ ಕಲ್ಲಿನ ಒರಳಿಟ್ಟುಕೊಂಡು ಲೈವ್‌ಗೆ ಕೂರುತ್ತಿದ್ದಳು. ಸಂಬಾಲ್ ಎಂಬ ಕೆಂಪು ಚಟ್ನಿ ಅರೆಯುವುದು, ಹರಟೆ ಹೊಡೆಯುವುದು, ಸಂಬಾಲ್ ಬಾಟಲಿ ಮಾರುವುದು, ಮೂರೂ ಒಟ್ಟಿಗೇ. ಕ್ಲಾತೆನ್‌ನ ಈ ಓಣಿಯಿಂದ ಹೊರಟ ಅವಳ ಮೆಣಸಿನ ಖಾರ ದೂರದ ಸುರಬಾಯ ನಗರದವರೆಗೂ ಹೋಗಿ ಜನರ ಮೂಗು ಒರೆಸಿಸುತ್ತಿತ್ತು. ಪರದೆಯ ಮೂಲೆಯಲ್ಲಿ ಕಣ್ಣಿನ ಗುರುತು, ಅದರ ಪಕ್ಕ ಇನ್ನೂರು ಮುನ್ನೂರು ಜನ ನೋಡುತ್ತಿದ್ದಾರೆಂಬ ಲೆಕ್ಕ. ಆದರೆ ಕೆಳಗೆ ಬರೆಯುವ ಜಾಗದಲ್ಲಿ ಮಾತಾಡುವವರು ನಾಲ್ಕೈದು ಜನ. ಉಳಿದವರೆಲ್ಲ ಮೌನವ್ರತದವರು.

"ಬಂದು ಕೂತ್ಕೊಂಡು ಪಿಳಿಪಿಳಿ ನೋಡ್ತಾರೆ. ಒಂದು ನಮಸ್ಕಾರ ಇಲ್ಲ, ಹೋಗಿ ಬರ್ತೀನಿ ಅನ್ನೋದಿಲ್ಲ. ಇದೆಂಥ ಮರ್ಯಾದೆ?" ಎಂದು ಗುನಾದಿ ಗೊಣಗುತ್ತಿದ್ದ.

ಅವನು ಗೊಣಗುವುದಕ್ಕೂ ಅರ್ಥವಿತ್ತು. ಅವನ ಉದ್ಯೋಗವೇ ಮಾತು. ಸುತ್ತಮುತ್ತ ಎಲ್ಲೇ ದೊಡ್ಡ ಮದುವೆಯಾಗಲಿ, ಬಾಟಿಕ್ ಪೇಟ ಧರಿಸಿ, ಬೆನ್ನಿಗೆ ಕಿರುಗತ್ತಿ ಸಿಕ್ಕಿಸಿ, ಮೈಕ್ ಹಿಡಿದು, ಅರಮನೆಯ ಕಾಲದ ಘನ ಭಾಷೆಯಲ್ಲಿ ವಧೂವರರನ್ನು ಸ್ವಾಗತಿಸುವವನು ಅವನೇ. ಅವನ ಮಾತು ಶುರುವಾದರೆ ಚಪ್ಪರದಲ್ಲಿ ಕೂಸು ಕೂಡ ಅಳುತ್ತಿರಲಿಲ್ಲ. (ಕೂಸು ನಿದ್ದೆ ಹೋಗಿರುತ್ತದೆ ಎಂಬುದು ಅವನ ಅತ್ತೆ ಸಾಕಿನೆಮ್ ಅವರ ಅಭಿಪ್ರಾಯ.)

ಲಾಸ್ಮಿಗೆ ಮಾತ್ರ ಆ ಮೌನಿಗಳ ಮೇಲೆ ಸ್ವಲ್ಪವೂ ಕೋಪವಿರಲಿಲ್ಲ. ಅವರು ಎದುರಿಗೇ ಚಾಪೆಯ ಮೇಲೆ ಕೂತಿರುವ ಹಾಗೆ ಮಾತಾಡುತ್ತಿದ್ದಳು. "ಮಗೂಗೆ ಹಾಲು ಕುಡಿಸ್ತಾ ನೋಡ್ತಿದೀರಾ? ಕೈ ಬಿಡಬೇಡಿ, ಬರೆಯೋದೇನೂ ಬೇಡ, ನೋಡ್ತಾ ಇರಿ," ಅನ್ನುವಳು. "ಖಾರ ಜಾಸ್ತಿ ಬೇಕಾದೋರು ಒಂದು ಒತ್ತಿ, ಕಡಿಮೆ ಸಾಕು ಅನ್ನೋರು ಎರಡು ಒತ್ತಿ," ಅನ್ನುವಳು. ಒಂದು ಅಂಕಿ ಒತ್ತಲು ಯಾವ ನಾಚಿಕೆ? ಟಪಟಪನೆ ಅಂಕಿಗಳು ಬೀಳುತ್ತಿದ್ದವು. ಇಂದು ಅಂಕಿ ಒತ್ತಿದವಳು ನಾಳೆ 'ಹೂಂ' ಎಂದು ಬರೆಯುತ್ತಿದ್ದಳು, ಆಮೇಲೊಂದು ದಿನ ತನ್ನ ಅತ್ತೆಯ ಕತೆಯನ್ನೇ ತೋಡಿಕೊಳ್ಳುತ್ತಿದ್ದಳು. ಮನೆಗೆ ಬಂದ ನೆಂಟರ ಮುಂದೆ ಚಹಾ ಇಟ್ಟು, ಅವರಾಗಿ ಲೋಟ ಮುಟ್ಟುವವರೆಗೆ ಅತ್ತ ನೋಡದೆ ಇರುತ್ತಾರಲ್ಲ, ಅಂಥ ನಯ ಅದು. ಗುನಾದಿ ಬಾಗಿಲ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ, ಮನಸ್ಸಿನಲ್ಲೇ ಭಲೇ ಎನ್ನುತ್ತಿದ್ದ. ಆದರೆ ಗಂಡನಾದವನು ಬಾಯಿಬಿಟ್ಟು ಹೊಗಳಿದರೆ ಬೆಲೆ ಉಳಿದೀತೇ? "ಮರೆವು ಜಾಸ್ತಿ ಆಗಿದೆ ಕಣೇ ನಿನಗೆ. ನಿನ್ನೆ ಬೆಳ್ಳುಳ್ಳೀನ ಸಿಪ್ಪೆ ಸಮೇತ ಹಾಕೋಕೆ ಹೋಗಿದ್ದೆ, ಯಾರೋ ಪುಣ್ಯಾತ್ಗಿತ್ತಿ ಹೇಳಿದ್ಲು, ಬಚಾವಾದೆ," ಎಂದಷ್ಟೇ ಹೇಳುತ್ತಿದ್ದ. ಲಾಸ್ಮಿ ನಕ್ಕು ಒರಳು ತೊಳೆಯಲು ಏಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಲಾಸ್ಮಿಯ ಗಂಟಲು ಪೂರ್ತಿ ಕಟ್ಟಿಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ನಾಲ್ಕು ದಿನ ಪಿಸುಮಾತೂ ಕೂಡದು ಎಂದರು ಡಾಕ್ಟರು. ಉಪವಾಸದ ತಿಂಗಳು ಮುಗಿದು ಹಬ್ಬಕ್ಕೆ ಬಂದವರೆಲ್ಲ ಆಗಷ್ಟೇ ನಗರಗಳಿಗೆ ಮರಳಿದ್ದರು. ಊರಿನ ಖಾರ ನೆನೆದು ಬಾಯಲ್ಲಿ ನೀರು ಬರುವ ಕಾಲವೇ ಅದು. ಲೈವ್ ನಿಂತರೆ ನೋಡುವವರು ಬೇರೆಯವರ ಒರಳಿನ ಮುಂದೆ ಹೋಗಿ ಕೂರುತ್ತಾರೆ, ಹೋದವರನ್ನು ಮತ್ತೆ ಕರೆತರುವುದು ಸುಲಭವಲ್ಲ. ಲಾಸ್ಮಿ ಮಾರಾಟಕ್ಕೆಂದು ಮೂಲೆಯಲ್ಲಿ ತುಂಬಿಟ್ಟಿದ್ದ ಬಾಟಲಿಗಳನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು.

ಗುನಾದಿ ಎದೆಯುಬ್ಬಿಸಿದ. "ನಾನಿಲ್ವಾ? ಇವತ್ತು ನಾನು ಕೂರ್ತೀನಿ. ಆ ಮೂಕರೆಲ್ಲ ಬಾಯಿಬಿಟ್ಟು ಮಾತಾಡೋ ಹಾಗೆ ಮಾಡ್ತೀನಿ. ಇಲ್ಲಾಂದ್ರೆ ಮದುವೆ ಮೈಕ್ ಹಿಡಿಯೋ ಯೋಗ್ಯತೆ ನನಗಿಲ್ಲ ಅಂದ್ಕೋ!"

ಸಣ್ಣ ಈರುಳ್ಳಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಅಳಿಯಂದಿರೇ, ಮನೇಲಿ ನೀವು ಮಾತಾಡಿದ್ರೆ ಕೋಳಿ ಕೂಡ ತಿರುಗಿ ನೋಡಲ್ಲ."

"ಕೋಳಿಗೆ ಸಾಹಿತ್ಯ ಎಲ್ಲಿ ಅರ್ಥ ಆಗತ್ತೆ, ಅತ್ತೆ?"

ಮಧ್ಯಾಹ್ನ ಗುನಾದಿ ಪೇಟ, ಪಟ್ಟೆ ನಿಲುವಂಗಿ, ಕಿರುಗತ್ತಿಗಳಿಂದ ಸರ್ವಾಲಂಕಾರಭೂಷಿತನಾಗಿ ಅಡುಗೆಮನೆಯ ಮಣೆಯ ಮೇಲೆ ವಿರಾಜಮಾನನಾದ. ಒರಗಿದರೆ ಕಿರುಗತ್ತಿ ಗೋಡೆಗೆ ತಾಗುತ್ತಿದ್ದರಿಂದ ಗೂಟ ಹೊಡೆದ ಹಾಗೆ ನೆಟ್ಟಗೆ ಕೂತ. ಲಾಸ್ಮಿ ಫೋನ್ ಒತ್ತಿ ಪಕ್ಕಕ್ಕೆ ಸರಿದಳು. ಕಣ್ಣಿನ ಗುರುತಿನ ಪಕ್ಕ ಜನ ಏರತೊಡಗಿದರು.

"ಸಕಲ ಸದ್ಗುಣಸಂಪನ್ನರಾದ ಮಹನೀಯರೇ, ಮಹಿಳಾಮಣಿಗಳೇ! ಉದಯರವಿಯ ಕೆಂಪನ್ನು ನಾಚಿಸುವ, ನಾಲಿಗೆಯ ತುದಿಯಲ್ಲಿ ಅಗ್ನಿದೇವನನ್ನು ಪ್ರತಿಷ್ಠಾಪಿಸುವ ಈ ದಿವ್ಯ ಸಂಬಾಲಿನ ಸನ್ನಿಧಿಗೆ ತಮಗೆಲ್ಲರಿಗೂ ಹಾರ್ದಿಕ ಸುಸ್ವಾಗತವನ್ನು..."

ಸ್ವಾಗತವೇ ಕಾಲು ಗಂಟೆ ನಡೆಯಿತು. ಕೆಳಗೆ ಒಂದಕ್ಷರವಿಲ್ಲ. ದಿನಾ ಬರೆಯುವ ನಾಲ್ಕೈದು ಜನರೂ ಮೌನಿಗಳಾದರು. ಗುನಾದಿ ಹಣೆ ಒರೆಸಿಕೊಂಡು, ಪರದೆಯ ಮೇಲೆ ಕಂಡ ಹೆಸರುಗಳನ್ನು ಒಂದೊಂದಾಗಿ ಕರೆದ.

"ಶ್ರೀಮತಿ 'ಸೋಲೋ ಮಲ್ಲಿಗೆ'ಯವರೇ, ತಾವು ಚಿತ್ತೈಸಿ ಬಹಳ ಹೊತ್ತಾಯಿತು. ತಮ್ಮ ಅಮೂಲ್ಯ ಅಭಿಪ್ರಾಯವನ್ನು ದಯಪಾಲಿಸಬೇಕು."

ಸೋಲೋ ಮಲ್ಲಿಗೆ ಮಾಯ.

"ಶ್ರೀಮತಿ 'ಅವಳಿಜವಳಿ ಅಮ್ಮ'ನವರೇ..."

ಅವಳಿಜವಳಿ ಅಮ್ಮನೂ ಮಾಯ.

"ಹೆಸರು ಕರೆದವರೆಲ್ಲ ಎದ್ದು ಹೋಗ್ತಿದ್ದಾರಾ?" ಎಂದರು ಅತ್ತೆ. "ಹಾಗಾದ್ರೆ ಎಲ್ಲರ ಹೆಸರೂ ಕರೆದುಬಿಡಿ, ಬೇಗ ಮುಗಿಯತ್ತೆ."

"ಇವರಿಗೆ ಏನಾಗಿದೆ ಅತ್ತೆ?"

"ಅವರಿಗೇನಾಗಿದೆ? ನೀವು ರಾಜರ ಭಾಷೇಲಿ ಕೇಳಿದ್ರೆ ಅವರೂ ಅದೇ ಭಾಷೇಲಿ ಉತ್ತರ ಕೊಡಬೇಕಲ್ಲ. ಈಗಿನ ಹುಡುಗಿಯರಿಗೆ ಅದೆಲ್ಲಿ ಬರತ್ತೆ? ತಪ್ಪಿದ್ರೆ ಹಿರಿಯರ ಮುಂದೆ ಅವಮಾನ. ಸುಮ್ನೆ ತಲೆ ಬಗ್ಗಿಸಿ ಜಾಗ ಖಾಲಿ ಮಾಡ್ತಾರೆ. ನಿಮ್ಮ ಮದುವೆ ದಿನ ನಾನೂ ಹಾಗೇ ಕೂತಿದ್ದೆ. ಆಗಲೇ ಬಾಯಿ ಬಿಟ್ಟಿದ್ರೆ ಚೆನ್ನಾಗಿತ್ತು."

ಲೆಕ್ಕ ಇಳಿಯುತ್ತಲೇ ಇತ್ತು. ಲಾಸ್ಮಿ ತಡೆಯಲಾರದೆ ಮುಂದೆ ಬಂದು, ಒರಳನ್ನು ಅವನ ಮುಂದೆ ತಳ್ಳಿ, ಗುಂಡುಕಲ್ಲನ್ನು ಕೈಗೆ ಕೊಟ್ಟು, ತುಟಿಯ ಮೇಲೆ ಬೆರಳಿಟ್ಟಳು. ಬಾಯ್ಮುಚ್ಚಿ ಕೆಲಸ ಮಾಡಿ ಎಂದರ್ಥ.

ಗುನಾದಿ ಹುಟ್ಟಿದಾಗಿನಿಂದ ಸಂಬಾಲ್ ತಿಂದವನೇ ಹೊರತು ಅರೆದವನಲ್ಲ. ಮೆಣಸಿನಕಾಯಿ ಸುರಿದ. ತೆರಾಸಿಯ, ಅಂದರೆ ಕೊಳೆಸಿ ಒಣಗಿಸಿದ ಸಿಗಡಿಯ, ದೊಡ್ಡ ತುಂಡೊಂದನ್ನು ಸುಡದೆ ಹಸಿಯಾಗಿಯೇ ಅದರ ಮೇಲಿಟ್ಟ. ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಧಡ್ ಎಂದು ಕುಟ್ಟಿದ. ಮೆಣಸಿನ ಬೀಜ ಫೋನಿಗೂ ಪೇಟಕ್ಕೂ ಸಿಡಿಯಿತು. ಇನ್ನೊಂದು ಧಡ್. ಬೆವರು ಕಣ್ಣಿಗಿಳಿಯಿತು. ಅದನ್ನು ಕೈಯಿಂದ ಒರೆಸಿಕೊಂಡ. ಆ ಕೈಯಿಂದಲೇ.

ಮುಂದಿನದನ್ನು ವರ್ಣಿಸಲು ಅರಮನೆಯ ಭಾಷೆಯಲ್ಲೂ ಪದಗಳಿಲ್ಲ. "ಅಯ್ಯಯ್ಯಪ್ಪೋ!" ಎಂದು ಗುನಾದಿ ಕೂತಲ್ಲೇ ಕುಣಿದ. ಅದೇ ಹೊತ್ತಿಗೆ ಫೋನಿನಲ್ಲಿ ಕಟ್ಟೆಯೊಡೆಯಿತು. ಸಾಲು ಸಾಲಾಗಿ ಬರಹ ಏರತೊಡಗಿತು.

"ಬಂತಾ? ಏನಾದ್ರೂ ಬಂತಾ? ಟಿಂಗ್ ಟಿಂಗ್ ಅಂತಿದೆ!" ಎಂದು ಕಣ್ಣುಮುಚ್ಚಿಯೇ ಕೂಗಿದ.

ಅವನಿಗೆ ಕಣ್ಣು ಕಾಣದು. ಲಾಸ್ಮಿಗೆ ಮಾತು ಬಾರದು. ಅತ್ತೆಗೆ ಓದು ಬಾರದು. ವರ್ಷಗಟ್ಟಲೆ ಮೌನವಾಗಿದ್ದವರೆಲ್ಲ ಒಟ್ಟಿಗೇ ಮಾತಾಡುತ್ತಿದ್ದಾರೆ, ಏನೆಂದು ಹೇಳುವವರು ಮನೆಯಲ್ಲಿ ಒಬ್ಬರೂ ಇಲ್ಲ!

"ಲಾಸ್ಮಿ, ಏನಂತಾರೆ? ಹೊಗಳ್ತಿದ್ದಾರಾ?"

ಲಾಸ್ಮಿ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ನಗುತ್ತಿದ್ದಳು.

"ಹೊಗಳೋ ಹಾಗೆ ಕಾಣಲ್ಲ," ಎಂದರು ಅತ್ತೆ ಪರದೆಯತ್ತ ಬಗ್ಗಿ. "ತುಂಬ ಅವಸರದಲ್ಲಿ ಬರೀತಿದ್ದಾರೆ."

ಅಕ್ಕಿ ತೊಳೆದ ನೀರಿನಲ್ಲಿ ಕಣ್ಣು ತೊಳೆಸಿಕೊಂಡ ಮೇಲೆ ಗುನಾದಿ ಓದಿದ.

'ಪಾ, ಕುಟ್ಟಬೇಡಿ, ಅರೀರಿ!' 'ತೆರಾಸಿ ಸುಟ್ಟೇ ಇಲ್ಲ, ಹಸೀದು ಹಾಕಿದ್ರಲ್ಲಪ್ಪಾ!' 'ಕಣ್ಣು ಮುಟ್ಟಬೇಡಿ!' 'ಮುಟ್ಟೇಬಿಟ್ರು.' 'ಶುರುವಿನಿಂದ ನೋಡ್ತಿದೀನಿ, ಯಾವತ್ತೂ ಬರೆದೋಳಲ್ಲ. ಇವತ್ತು ತಡ್ಕೊಳ್ಳೋಕೆ ಆಗ್ಲಿಲ್ಲ.' ಸೋಲೋ ಮಲ್ಲಿಗೆಯೂ ಮರಳಿ ಬಂದಿದ್ದಳು: 'ಬು ಲಾಸ್ಮಿ ಅರೆದಿದ್ದು ಎರಡು ಬಾಟಲಿ ಕಳಿಸಿ. ಪಾ ಕುಟ್ಟಿದ್ದು ಬೇಡ.' ಅದರ ಕೆಳಗೆ ಹಾಗೆಯೇ ಬರೆದವರ ಸಾಲೇ ಇತ್ತು. ಸಂಜೆಯೊಳಗೆ ಮೂಲೆ ಖಾಲಿ.

ಗಂಟಲು ಬಿಟ್ಟ ದಿನ ಲಾಸ್ಮಿ ಗಂಡನನ್ನು ಕರೆದು ಆಡಿದ ಮೊದಲ ಮಾತು, "ಮಾಸ್, ನಾನು ಬೆಳ್ಳುಳ್ಳೀನ ಸಿಪ್ಪೆ ಸಮೇತ ಹಾಕೋಕೆ ಹೋಗ್ತಿದ್ದೆನಲ್ಲ, ಅದು ಮರೆವು ಅಂದ್ಕೊಂಡಿದ್ರಾ?"

"ಮರೆವಲ್ದೆ ಮತ್ತೇನು?" ಎಂದ ಗುನಾದಿ.

"ಯಾರೂ ಮಾತಾಡ್ತಿಲ್ಲ ಅಂದ್ರೆ ಒಂದು ಸಣ್ಣ ತಪ್ಪು ಮಾಡ್ತೀನಿ. ಅಡುಗೆ ಗೊತ್ತಿರೋ ಹೆಂಗಸು ಎಷ್ಟೇ ನಾಚಿಕೆಯವಳಾದ್ರೂ ಅದನ್ನ ನೋಡ್ಕೊಂಡು ಸುಮ್ನಿರಲ್ಲ."

"ಅಬ್ಬಾ! ನಿನ್ನ ತಲೆಯೇ!" ಎಂದ ಗುನಾದಿ. ಬೆಲೆ ಹೋದರೆ ಹೋಗಲಿ ಎಂದು ಅಂದು ಬಾಯ್ತುಂಬ ಹೊಗಳಿದ. "ಹಾಗಾದ್ರೆ ನಾನೂ ಕಲೀತೀನಿ. ಯಾವ ತಪ್ಪು ಯಾವಾಗ ಮಾಡಬೇಕು ಅಂತ ಹೇಳ್ಕೊಡು."

"ನಿಮಗೆ ಕಲಿಯೋ ಅಗತ್ಯ ಇಲ್ಲ ಮಾಸ್. ನೀವು ಬಂದು ಕೂತ್ರೆ ಸಾಕು."

ಮುಂದಿನ ವಾರ ದೆಲಂಗು ಊರಿನಲ್ಲಿ ದೊಡ್ಡ ಮದುವೆ. ಗುನಾದಿ ಮೈಕ್ ಹಿಡಿದ. ಘನ ಭಾಷೆ ಗಂಗೆಯಂತೆ ಹರಿಯಿತು. ಚಪ್ಪರದ ತುಂಬ ಜನ ತಲೆ ಬಗ್ಗಿಸಿ ಕೂತರು, ಬೀಸಣಿಗೆಗಳೂ ನಿಂತವು. ಆಹಾ, ಇದಪ್ಪಾ ಸಭೆ ಎಂದುಕೊಂಡ. ವಧುವಿನ ಸೌಂದರ್ಯವನ್ನು ಹುಣ್ಣಿಮೆಗೆ ಹೋಲಿಸಿ, ಜನ ಆ ಹೋಲಿಕೆಯನ್ನು ಸವಿಯಲೆಂದು ಸಂಪ್ರದಾಯದಂತೆ ಒಂದು ಕ್ಷಣ ಮಾತು ನಿಲ್ಲಿಸಿದ.

"ಪಾ, ತೆರಾಸಿ ಸುಟ್ಟು ಹಾಕಿ!" ಎಂದಿತು ಹಿಂದಿನ ಸಾಲಿನಿಂದ ಒಂದು ಹೆಣ್ಣು ದನಿ.

"ಕಣ್ಣು ಹೇಗಿದೆ ಪಾ?" ಎಂದಿತು ಇನ್ನೊಂದು.

"ಅರೀಬೇಕು ಪಾ, ಕುಟ್ಟಬಾರದು!" ಎಂದಳು ಬಡಿಸುತ್ತಿದ್ದವಳು, ತಟ್ಟೆ ಹಿಡಿದುಕೊಂಡೇ.

ಚಪ್ಪರ ಗೊಳ್ಳೆಂದಿತು. ರೆಪ್ಪೆ ಅಲುಗಿಸದೆ ಕೂರಬೇಕಾಗಿದ್ದ ಮದುಮಗಳು ನಕ್ಕ ರಭಸಕ್ಕೆ ಮುಡಿಯ ಮಲ್ಲಿಗೆ ಸರ ಜಾರಿತು. ಬೀಗರು ಬೀಗರಿಗೆ ಸಂಬಾಲ್ ಅರೆಯುವ ವಿಧಾನ ಹೇಳತೊಡಗಿದರು, ಅಜ್ಜಿಯರು ವಾದಕ್ಕೆ ಬಿದ್ದರು, ಎಂದೂ ಮಾತಾಡದವರೆಲ್ಲ ಮಾತಾಡಿದರು. ಇಡೀ ಚಪ್ಪರದಲ್ಲಿ ಬಾಯಿ ಮುಚ್ಚಿಕೊಂಡಿದ್ದವನು ಮೈಕ್ ಹಿಡಿದವನೊಬ್ಬನೇ.